ತುತ್ತು ಬಾಯಿಗೆ ಬರುವ ದಾರಿ

ಅನುಭವಿಸಿದವರಿಗೇ ಗೊತ್ತು ಅನ್ನುವ ಮಾತು ನಮ್ಮಲ್ಲಿ ಬಹಳ ಸಲೀಸಾಗಿ ಬರುತ್ತದೆ. ನಾನು ಆಕ್ಯುಪೇಷನಲ್ ಥೆರಪಿಸ್ಟ್. ನನ್ನ ಕೋಣೆಗೆ ಬರುವವರು ನನ್ನ ಬಲಭುಜ ಎಡಭುಜಕ್ಕಿಂತ ಬಡಕಲಾಗಿರುವುದನ್ನು ನೋಡುತ್ತಾರೆ. ಬಲ ಮೊಣಕೈ ಎದೆಯ ಮಟ್ಟಕ್ಕೆ ಬಂದು ಅಲ್ಲಿಗೇ ನಿಲ್ಲುವುದನ್ನೂ ಗಮನಿಸುತ್ತಾರೆ. "ನಿಮಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ ಬಿಡಿ ಸಾರ್" ಅನ್ನುತ್ತಾರೆ. ಆ ಮಾತಿನಲ್ಲಿ ನಂಬಿಕೆಯಿದೆ, ಒಂದಿಷ್ಟು ಸಮಾಧಾನವೂ ಇದೆ. ಆದರೆ ಅವರು ಬಿಡಿಸಿ ಹೇಳಬೇಕಾದದ್ದು ಬೇಕಾದಷ್ಟಿದೆ ಎಂದೇ ನನಗೆ ಅನಿಸುತ್ತ ಬಂದಿದೆ. ಒಬ್ಬ ರೋಗಿ ಮುಂದೆ ಚಿಕಿತ್ಸಕನಾದರೆ ಮಂಚದ ಆ ಬದಿಯಿಂದ ಈ ಬದಿಗೆ ಏನನ್ನು ತರುತ್ತಾನೆ, ಏನನ್ನು ಅಲ್ಲೇ ಬಿಟ್ಟು ಬರಬೇಕಾಗುತ್ತದೆ ಎಂಬುದು ನಾನು ವರ್ಷಗಳಿಂದ ಕೇಳಿಕೊಳ್ಳುತ್ತಿರುವ ಪ್ರಶ್ನೆ.

ನನಗಾದ ಗಾಯ ನಮ್ಮ ರಸ್ತೆಗಳಲ್ಲಿ ದಿನಾ ಆಗುವಂಥದ್ದು. ಬೈಕಿನಿಂದ ಹಾರಿ ಬೀಳುವಾಗ ತಲೆ ಒಂದು ಕಡೆಗೆ, ಭುಜ ಇನ್ನೊಂದು ಕಡೆಗೆ ಜಗ್ಗುತ್ತದೆ. ಆಗ ಕತ್ತಿನಿಂದ ಹೊರಟು ಕಂಕುಳ ಹಾದು ಕೈಗೆ ಇಳಿಯುವ ನರಗಳ ಕಟ್ಟು ಹರಿಯುತ್ತದೆ. ಬ್ರೇಕಿಯಲ್ ಪ್ಲೆಕ್ಸಸ್ ಗಾಯ ಎಂದು ಇದರ ಹೆಸರು. ಈ ಕಟ್ಟಿಗೆ ಐದು ಬೇರುಗಳು; ನನ್ನಲ್ಲಿ ಮೇಲಿನ ಎರಡು ಕೆಟ್ಟಿದ್ದವು, ಉಳಿದ ಮೂರು ಉಳಿದಿದ್ದವು. ಹೀಗಾದಾಗ ಭುಜ ಏಳುವುದಿಲ್ಲ, ಮೊಣಕೈ ಮಡಚುವುದಿಲ್ಲ, ಬೆರಳು ಮಾತ್ರ ಆಡುತ್ತವೆ. ಇದು ಎಂಥ ಸ್ಥಿತಿ ಎಂಬುದು ತಟ್ಟೆಯ ಮುಂದೆ ಕೂತಾಗ ತಿಳಿಯಿತು. ಎಡಗೈಯಿಂದ ಬಲಗೈಯನ್ನು ಎತ್ತಿ ತಟ್ಟೆಯ ಮೇಲಿಟ್ಟರೆ ಬೆರಳುಗಳು ಅನ್ನ ಕಲಸುತ್ತಿದ್ದವು, ಮುದ್ದೆ ಮುರಿಯುತ್ತಿದ್ದವು, ಸಾರಿನಲ್ಲಿ ಹೊರಳಿಸುತ್ತಿದ್ದವು. ಮುದ್ದೆಯ ಬಿಸಿ ಕಿರುಬೆರಳಿಗೆ ಗೊತ್ತಾಗುತ್ತಿತ್ತು, ಹೆಬ್ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ತುತ್ತು ಸಿದ್ಧವಾಗುತ್ತಿತ್ತು, ಆದರೆ ಬಾಯಿಗೆ ಬರುತ್ತಿರಲಿಲ್ಲ.

ಎಡಗೈಯಲ್ಲಿ ತಿನ್ನಬಹುದಲ್ಲ ಎಂದು ಹೊರಗಿನವರು ಹೇಳಿಬಿಡಬಹುದು. ನಮ್ಮ ಮನೆಗಳಲ್ಲಿ ಎಡಗೈ ಊಟದ ಕೈಯಲ್ಲ. ಅದರ ಕೆಲಸವೇ ಬೇರೆ. ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಎಡಗೈಯನ್ನು ಎಲೆಗೆ ಇಡುವುದು ಎಷ್ಟು ಕಷ್ಟ ಎಂಬುದು ಕೂತವರಿಗೇ ತಿಳಿಯಬೇಕು. ಯಾರೂ ಏನೂ ಅನ್ನುವುದಿಲ್ಲ, ಬಡಿಸುವವರು ಕಣ್ಣು ತಪ್ಪಿಸುತ್ತಾರೆ, ಅಷ್ಟೆ. ನಾನು ಸ್ವಲ್ಪ ಕಾಲ ಪಂಕ್ತಿಗೆ ಹೋಗುವುದನ್ನೇ ಬಿಟ್ಟೆ. ಮನೆಯಲ್ಲಿ ಅಮ್ಮ ತುತ್ತು ಕೊಡುತ್ತಿದ್ದರು. ಕಾಲೇಜಿಗೆ ಹೋಗುವ ಮಗನಿಗೆ ತುತ್ತು ಕೊಡುವಾಗ ಅಮ್ಮ ಬೇಕೆಂದೇ ಬೇರೆ ಯಾವುದಾದರೂ ಮಾತು ತೆಗೆಯುತ್ತಿದ್ದರು: ತೆಂಗಿನಕಾಯಿ ರೇಟು, ಪಕ್ಕದ ಮನೆಯ ಹಸು, ಏನಾದರೂ ಒಂದು.

ಈ ಗಾಯಕ್ಕೆ ಶಸ್ತ್ರಚಿಕಿತ್ಸೆ ಮಾಡುವವರು ಸಾಮಾನ್ಯವಾಗಿ ಮೊದಲು ಮರಳಿ ಪಡೆಯಲು ನೋಡುವುದು ಮೊಣಕೈ ಮಡಚುವ ಶಕ್ತಿಯನ್ನು. ಕೈ ಬಾಯಿಗೆ ಬರಬೇಕು, ಉಳಿದದ್ದು ಆಮೇಲೆ. ವೈದ್ಯಶಾಸ್ತ್ರ ತನ್ನ ಆದ್ಯತೆಯ ಪಟ್ಟಿಯ ತುದಿಯಲ್ಲಿ ಊಟವನ್ನು ಇಟ್ಟಿದೆ ಎಂಬುದು ನನಗೆ ಆಮೇಲೆ ಗೊತ್ತಾದಾಗ ಆ ಶಾಸ್ತ್ರದ ಮೇಲೆ ಗೌರವ ಹೆಚ್ಚಾಯಿತು. ನನ್ನ ಪಕ್ಕೆಲುಬುಗಳ ನಡುವೆ ಓಡಾಡುವ, ಉಸಿರಾಟಕ್ಕೆ ನೆರವಾಗುವ ನರಗಳಲ್ಲಿ ಕೆಲವನ್ನು ಬಿಡಿಸಿ ತಂದು ತೋಳಿನ ಸ್ನಾಯುವಿಗೆ ಹೋಗುವ ನರಕ್ಕೆ ಜೋಡಿಸಿದರು. ಪಕ್ಕದ ಗದ್ದೆಯ ಕಾಲುವೆಯನ್ನು ತಿರುಗಿಸಿ ಒಣಗಿದ ಗದ್ದೆಗೆ ನೀರು ಹಾಯಿಸಿದ ಹಾಗೆ. ಜೋಡಿಸಿದ ಕೂಡಲೇ ಏನೂ ಆಗುವುದಿಲ್ಲ. ನರ ದಿನಕ್ಕೆ ಹೆಚ್ಚುಕಮ್ಮಿ ಒಂದು ಮಿಲಿಮೀಟರ್ ಬೆಳೆಯುತ್ತದೆ, ತಿಂಗಳಿಗೆ ಒಂದು ಅಂಗುಲದಷ್ಟು. ಅದು ಸ್ನಾಯುವನ್ನು ಮುಟ್ಟುವವರೆಗೆ ಕೀಲುಗಳು ಬಿಗಿಯದಂತೆ ನೋಡಿಕೊಳ್ಳಬೇಕು, ಕಾಯಬೇಕು. ಕಾಯುವುದೂ ಕೆಲಸವೇ ಎಂದು ಆ ತಿಂಗಳುಗಳಲ್ಲಿ ಕಲಿತೆ. ಅದನ್ನು ಕಲಿಸಿದವರು ನನ್ನ ಥೆರಪಿಸ್ಟ್, ನಾವೆಲ್ಲ ಮೇಡಂ ಎಂದು ಕರೆಯುತ್ತಿದ್ದವರು.

ಒಂದು ದಿನ ಮೇಡಂ ನನ್ನ ತೋಳಿನ ಮೇಲೆ ಎರಡು ಬೆರಳಿಟ್ಟು, "ಉಸಿರು ಎಳ್ಕೊಳ್ಳಿ, ಪೂರ್ತಿ" ಅಂದರು. ಎಳೆದುಕೊಂಡೆ. ಚರ್ಮದಡಿ ಏನೋ ಮಿಸುಕಿತು. ಇನ್ನೊಮ್ಮೆ ಎಳೆದುಕೊಂಡೆ, ಇನ್ನೊಮ್ಮೆ ಮಿಸುಕಿತು. ಸ್ನಾಯುವಿನ ಬಲವನ್ನು ಸೊನ್ನೆಯಿಂದ ಐದರವರೆಗೆ ಅಳೆಯುತ್ತಾರೆ. ಬರಿ ಮಿಸುಕಾಟಕ್ಕೆ ಒಂದು ಅಂಕ. ನನಗೆ ಒಂದು ಬಂದಿತ್ತು. ಆ ಸ್ನಾಯುವಿಗೆ ಈಗ ಅಪ್ಪಣೆ ಹೋಗುತ್ತಿದ್ದದ್ದು ಉಸಿರಿನ ದಾರಿಯಿಂದ. ಮೊಣಕೈ ಮಡಚಬೇಕೆಂದರೆ ನಾನು ಮೊಣಕೈಯನ್ನು ನೆನೆಯುವ ಹಾಗಿಲ್ಲ, ಉಸಿರನ್ನು ನೆನೆಯಬೇಕು. ಎದೆ ತುಂಬ ಗಾಳಿ ತೆಗೆದುಕೊಂಡು ಹಿಡಿದರೆ ಕೈ ಬಾಗುತ್ತದೆ, ಬಿಟ್ಟರೆ ಚಾಚುತ್ತದೆ. ಕೆಮ್ಮಿದರೆ ತಾನಾಗಿಯೇ ಬಾಗುತ್ತದೆ. ನಾಳೆ ತುತ್ತೆತ್ತುವುದಾದರೂ ಉಸಿರು ಹಿಡಿದೇ ಎತ್ತಬೇಕು. ತಿಂಗಳುಗಳು ಕಳೆದಂತೆ ಮಿದುಳು ಎರಡನ್ನೂ ಬೇರೆ ಮಾಡುವುದನ್ನು ಕಲಿಯುತ್ತದೆ, ಉಸಿರಾಟ ಅದರ ಪಾಡಿಗೆ, ಕೈ ಅದರ ಪಾಡಿಗೆ. ಅದು ಹೇಗೆ ಕಲಿಯುತ್ತದೆಂದು ಪುಸ್ತಕಗಳಲ್ಲಿ ಓದಿದ್ದೇನೆ. ನನ್ನ ಮೈಯಲ್ಲೇ ನಡೆದಿದ್ದರೂ ಆ ದಾಟುವಿಕೆ ಯಾವತ್ತು ಆಯಿತೆಂದು ನನಗೆ ತಿಳಿಯಲೇ ಇಲ್ಲ.

ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋಗುವುದು ನಿಧಾನ. ಗುರುತ್ವವನ್ನು ಮೀರಿ ಎತ್ತಲಾಗದ ಸ್ನಾಯುವಿಗೆ ಮೊದಲು ಆ ಭಾರವನ್ನೇ ತೆಗೆದು ಅಭ್ಯಾಸ ಕೊಡಬೇಕು. ಅದಕ್ಕೆ ಪೌಡರ್ ಬೋರ್ಡ್ ಎಂಬುದೊಂದಿದೆ, ನುಣುಪಾದ ಹಲಗೆ. ಅದರ ಮೇಲೆ ಮಕ್ಕಳಿಗೆ ಹಚ್ಚುವ ಟಾಲ್ಕಂ ಪೌಡರ್ ಉದುರಿಸಿ, ಕೈಯನ್ನು ಅಡ್ಡ ಮಲಗಿಸಿ, ಜಾರಿಸುತ್ತ ಜಾರಿಸುತ್ತ ಮಡಚುವುದು. ಅಂಗೈಯಿಂದ ಮೊಣಕೈವರೆಗೆ ಬಿಳಿ ಮೆತ್ತಿಕೊಂಡು, ಹಲಗೆಯ ಮೇಲೆ ಅರ್ಧಚಂದ್ರಾಕಾರದ ದಾರಿ ಮೂಡುತ್ತಿತ್ತು. ನಿನ್ನೆಯ ದಾರಿಗಿಂತ ಇವತ್ತಿನದು ಒಂದು ಬೆರಳು ಉದ್ದವಾಗಿದೆಯೇ ಎಂದು ನೋಡುವುದೇ ಆಗಿನ ದಿನಗಳ ದೊಡ್ಡ ಸುದ್ದಿ. ಆಸ್ಪತ್ರೆಯ ಸ್ಕ್ಯಾನ್ ಯಂತ್ರಗಳ ನಡುವೆ ನನ್ನ ಕೈಯ ಭವಿಷ್ಯ ನನಗೆ ಕಣ್ಣಿಗೆ ಕಂಡದ್ದು ಆ ಪೌಡರಿನ ಮೇಲೆ. ಇವತ್ತಿಗೂ ನಾನು ಆ ಹಲಗೆಯನ್ನು ಬಳಸುತ್ತೇನೆ, ಅದಕ್ಕಿಂತ ಒಳ್ಳೆಯ ಉಪಕರಣ ಇಷ್ಟು ಕಡಿಮೆ ದುಡ್ಡಿಗೆ ಸಿಕ್ಕಿಲ್ಲ.

ಮೇಡಂ ಮೊದಲ ಭೇಟಿಯಲ್ಲೇ ಕೇಳಿದ್ದರು: "ಈ ಕೈಯಲ್ಲಿ ಮೊದಲು ಏನು ಮಾಡಬೇಕು ಅಂತಿದೆ ನಿಮಗೆ?" ಅಲ್ಲಿಯವರೆಗೆ ಎಲ್ಲರೂ ಕೈಗೆ ಏನಾಯಿತು, ಹೇಗಾಯಿತು ಎಂದೇ ಕೇಳಿದ್ದರು. ಈ ಕೈ ಇನ್ನು ಮುಂದೆ ಯಾವುದಕ್ಕೆ ಬೇಕು ಎಂದು ಕೇಳಿದವರು ಅವರೊಬ್ಬರೇ. ಊಟ ಅಂದೆ. ಅವರು ಬರೆದುಕೊಂಡರು. ಈ ವೃತ್ತಿ ನನ್ನನ್ನು ಹಿಡಿದದ್ದು ಆ ಕ್ಷಣದಲ್ಲೇ ಇರಬೇಕು, ಆಗ ನನಗೆ ಅದರ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ. ಫಿಸಿಯೋ ಅಂದುಕೊಂಡಿದ್ದೆ. ನಮ್ಮೂರಲ್ಲಿ ಈಗಲೂ ಹಾಗೇ ಅಂದುಕೊಂಡಿದ್ದಾರೆ.

ಓದಲು ಸೇರಿದ ಮೇಲೆ, ಈ ವೃತ್ತಿಯ ಹುಟ್ಟಿನಲ್ಲೇ ಒಬ್ಬ ರೋಗಿ ಇದ್ದರೆಂದು ತಿಳಿಯಿತು. ಜಾರ್ಜ್ ಎಡ್ವರ್ಡ್ ಬಾರ್ಟನ್, ಅಮೆರಿಕದ ಬಾಸ್ಟನ್ ಕಡೆಯ ವಾಸ್ತುಶಿಲ್ಪಿ, 1871ರಲ್ಲಿ ಹುಟ್ಟಿದವರು. ಕ್ಷಯ ಅವರನ್ನು ಮತ್ತೆ ಮತ್ತೆ ಹಾಸಿಗೆಗೆ ತಳ್ಳಿತು. ಆಮೇಲೆ ಚಳಿಗೆ ಎಡಪಾದ ಹೆಪ್ಪುಗಟ್ಟಿ ಕೊಳೆತು, ಬೆರಳು ಕತ್ತರಿಸಬೇಕಾಯಿತು. ಅದರ ಬೆನ್ನಿಗೇ ಮೈಯ ಎಡಭಾಗ ಸ್ವಾಧೀನ ತಪ್ಪಿತು. ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನ ಆರೋಗ್ಯಧಾಮಕ್ಕೆ ಅವರು ಬಂದದ್ದು ಇಂಥ ಸ್ಥಿತಿಯಲ್ಲಿ. ಆಸ್ಪತ್ರೆಗಳು ರೋಗಿಯನ್ನು ರೋಗದಿಂದ ಬಿಡಿಸಿ ಬಾಗಿಲ ಹೊರಗೆ ಬಿಟ್ಟುಬಿಡುತ್ತವೆ, ಅಲ್ಲಿಂದ ಬದುಕಿಗೆ ಹೋಗುವ ದಾರಿ ಯಾರೂ ತೋರಿಸುವುದಿಲ್ಲ ಎಂಬುದು ಅವರನ್ನು ಕಾಡಿತು. 1914ರಲ್ಲಿ ಅದೇ ಊರಿನಲ್ಲಿ ಒಂದು ಹಳೆಯ ಮನೆ ಕೊಂಡು ಕಾನ್ಸೊಲೇಷನ್ ಹೌಸ್ ಎಂದು ಹೆಸರಿಟ್ಟರು. ಮರಗೆಲಸ, ತೋಟದ ಕೆಲಸ ಮಾಡುತ್ತ ತಮ್ಮ ಎಡಭಾಗಕ್ಕೆ ತಾವೇ ಬಲ ತಂದುಕೊಂಡರು. ತಮ್ಮ ಮೈಯೇ ಅವರ ಪ್ರಯೋಗಶಾಲೆ.

1917ರ ಮಾರ್ಚ್‌ನಲ್ಲಿ ಆ ಮನೆಯಲ್ಲಿ ಕೆಲವೇ ಮಂದಿ ಸೇರಿದರು. ಮನೋವೈದ್ಯ ವಿಲಿಯಂ ರಷ್ ಡಂಟನ್, ಸಮಾಜಸೇವೆಯಿಂದ ಬಂದ ಎಲೀನರ್ ಕ್ಲಾರ್ಕ್ ಸ್ಲೇಗಲ್, ಕರಕುಶಲ ಕಲಿಸುತ್ತಿದ್ದ ಸೂಸನ್ ಕಾಕ್ಸ್ ಜಾನ್ಸನ್, ಕೆನಡಾದಲ್ಲಿ ಗಾಯಾಳು ಸೈನಿಕರಿಗೆ ಕೆಲಸ ಕಲಿಸುವ ಏರ್ಪಾಡು ನೋಡಿಕೊಳ್ಳುತ್ತಿದ್ದ ಥಾಮಸ್ ಕಿಡ್ನರ್, ಕಾರ್ಯದರ್ಶಿ ಇಸಬೆಲ್ ನ್ಯೂಟನ್, ಮತ್ತು ಬಾರ್ಟನ್. ಆಕ್ಯುಪೇಷನಲ್ ಥೆರಪಿಯ ಮೊದಲ ರಾಷ್ಟ್ರೀಯ ಸಂಘ ಅಲ್ಲಿ ಹುಟ್ಟಿತು, ಬಾರ್ಟನ್ ಅದರ ಮೊದಲ ಅಧ್ಯಕ್ಷರಾದರು. ಮರುತಿಂಗಳೇ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಕೈಕಾಲು ಕಳೆದುಕೊಂಡು ಬಂದ ಹುಡುಗರಿಗಾಗಿ ಈ ಕೆಲಸ ಎಲ್ಲೆಡೆ ಬೇಕಾಯಿತು. ಬಾರ್ಟನ್ ಮಾತ್ರ ಅಧ್ಯಕ್ಷರಾಗಿ ಹೆಚ್ಚು ಕಾಲ ಉಳಿಯಲಿಲ್ಲ. ಸಂಘ ಬೆಳೆಯಿತು, ಅವರು ತಮ್ಮ ಮನೆ, ತಮ್ಮ ಕೆಲಸಕ್ಕೆ ಹಿಂದಿರುಗಿದರು, 1923ರಲ್ಲಿ ತೀರಿಕೊಂಡರು. ಆ ಸಭೆಯನ್ನು ನೆನೆದಾಗಲೆಲ್ಲ ನನ್ನ ಗಮನ ಹೋಗುವುದು ಅದರ ಸೇರುವಿಕೆಯ ಕಡೆಗೆ. ಕಾಯಿಲೆಯಿಂದ ಎದ್ದ ಒಬ್ಬ ಮನುಷ್ಯ ಕರೆದ ಮನೆಗೆ ವೈದ್ಯ, ಶಿಕ್ಷಕಿ, ಸಮಾಜಸೇವಕಿ ಎಲ್ಲ ಬಂದರು. ಅವನ ಅನುಭವ ಒಂದರಿಂದಲೇ ವೃತ್ತಿ ಕಟ್ಟಲಾಗುತ್ತಿರಲಿಲ್ಲ. ಅದಿಲ್ಲದಿದ್ದರೆ ಆ ಮನೆಯೇ ಇರುತ್ತಿರಲಿಲ್ಲ.

ನಮ್ಮ ದೇಶಕ್ಕೆ ಈ ವಿದ್ಯೆಯನ್ನು ತಂದವರು ಕಮಲಾ ನಿಂಬ್ಕರ್. ಅಮೆರಿಕದಲ್ಲಿ ಎಲಿಜಬೆತ್ ಲಂಡಿಯಾಗಿ ಹುಟ್ಟಿ, ಮದುವೆಯಾಗಿ ಇಲ್ಲಿಯವರಾದವರು. 1950ರಲ್ಲಿ ಮುಂಬೈಯಲ್ಲಿ ಇದರ ಮೊದಲ ಶಾಲೆ ತೆರೆದರು. ಅವರ ಬಗ್ಗೆ ಬೇರೆಯೇ ಬರೆಯಬೇಕು. ಇಲ್ಲಿ ನನ್ನ ಮನಸ್ಸು ಹೋಗುವುದು ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್ ಕಡೆಗೆ. ಅವರು ಥೆರಪಿಸ್ಟ್ ಅಲ್ಲ, ವೈದ್ಯೆ. ಆದರೂ ರೋಗಿಯಾಗಿ ಪುನಶ್ಚೇತನದ ಕೋಣೆಗೆ ಹೋಗಿ ಅದರ ಯಜಮಾನಿಯಾಗಿ ಹೊರಬಂದವರಲ್ಲಿ ನಮ್ಮ ದೇಶದಲ್ಲಿ ಅವರಷ್ಟು ದೊಡ್ಡ ಹೆಸರು ನನಗೆ ಗೊತ್ತಿಲ್ಲ. 1954ರಲ್ಲಿ, ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಯುವ ವೈದ್ಯೆಯಾಗಿದ್ದಾಗ, ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಏಟು ಬಿದ್ದು ಕಾಲುಗಳು ಹೋದವು. ಕುಷ್ಠದಿಂದ ಸೊಟ್ಟಗಾದ ಕೈಗಳನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಹೆಸರಾಗಿದ್ದ ಪಾಲ್ ಬ್ರ್ಯಾಂಡ್ ಅಲ್ಲೇ ಇದ್ದರು. ಕೈಯ ಶಸ್ತ್ರಚಿಕಿತ್ಸೆ ಕೂತು ಮಾಡುವ ಕೆಲಸ, ಕಾಲು ಬೇಕಾಗಿಲ್ಲ. ಮೇರಿ ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳ ಮೇಲೆ ಶಸ್ತ್ರಚಿಕಿತ್ಸೆ ಮಾಡಿದರು. ಮುಂದೆ ನ್ಯೂಯಾರ್ಕಿಗೆ ಹೋಗಿ ಹೊವರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ಪುನಶ್ಚೇತನ ವೈದ್ಯವನ್ನು ಕಲಿತು ಬಂದರು. 1966ರಲ್ಲಿ ವೆಲ್ಲೂರಿನಲ್ಲಿ ಅದಕ್ಕಾಗಿಯೇ ಒಂದು ಸಂಸ್ಥೆ ಎದ್ದಿತು. 1972ರಲ್ಲಿ ಪದ್ಮಶ್ರೀ ಬಂತು. ಕೋಲಾರ, ಬೆಂಗಳೂರಿನ ಕಡೆಯಿಂದ ವೆಲ್ಲೂರಿನ ರೈಲು ಹತ್ತುವ ಎಷ್ಟೋ ಕನ್ನಡದ ಕುಟುಂಬಗಳು ಆ ಸಂಸ್ಥೆಯ ಋಣದಲ್ಲಿವೆ.

ಬೆಂಗಳೂರಿನಲ್ಲೇ ಇನ್ನೊಂದು ಉದಾಹರಣೆಯಿದೆ. ಚಿಕ್ಕಂದಿನಲ್ಲಿ ಪೋಲಿಯೋ ತಗುಲಿದ ಎನ್.ಎಸ್. ಹೇಮಾ 1959ರಲ್ಲಿ ಗೆಳೆಯರ ಜೊತೆ ಸೇರಿ ಅಂಗವಿಕಲರಿಗಾಗಿ ಕಟ್ಟಿದ ಎ.ಪಿ.ಡಿ. ಸಂಸ್ಥೆ ಇವತ್ತಿಗೂ ನಡೆಯುತ್ತಿದೆ. ಇವರೆಲ್ಲರ ಬಗ್ಗೆ ಓದುವಾಗ ನನಗೆ ಮುಖ್ಯವಾಗಿ ಕಾಣುವುದು ಧೈರ್ಯವಲ್ಲ. ಧೈರ್ಯದ ಕಥೆಗಳು ನಮ್ಮಲ್ಲಿ ಸಾಕಷ್ಟಿವೆ, ಅವು ಕೇಳುವವರಿಂದ ಕಣ್ಣೀರು ಹಾಕಿಸಿ ಸುಮ್ಮನಾಗುತ್ತವೆ. ಇವರು ತಮಗೆ ಏನು ಕೊರತೆಯಾಗಿತ್ತು ಎಂಬುದನ್ನು ನೆನಪಿಟ್ಟುಕೊಂಡು ಅದನ್ನು ಒಂದು ಏರ್ಪಾಡಾಗಿ ಮಾಡಿದರು: ಒಂದು ಮನೆ, ಒಂದು ವಾರ್ಡು, ಒಂದು ಶಾಲೆ. ತಮ್ಮ ನಂತರ ಬರುವವನಿಗೆ ಯಾರ ಕಥೆಯೂ ಗೊತ್ತಿರಬೇಕಾಗಿಲ್ಲ, ಬಾಗಿಲು ತೆರೆದಿದ್ದರೆ ಸಾಕು ಎಂಬಂತೆ.

ನಾನು ನಾಲ್ಕೂವರೆ ವರ್ಷದ ಕೋರ್ಸಿಗೆ ಅರ್ಜಿ ಹಾಕಿದಾಗ ಸಂದರ್ಶನದಲ್ಲಿ ಒಬ್ಬರು ಕೇಳಿದರು, "ಒಂದೂವರೆ ಕೈಯಲ್ಲಿ ರೋಗೀನ ಹೇಗಪ್ಪಾ ಎತ್ತುತ್ತೀಯ?" ಕೇಳಿದ ರೀತಿ ನೋಯಿಸಿತು, ಪ್ರಶ್ನೆ ಮಾತ್ರ ನ್ಯಾಯವಾದದ್ದೇ. ಹಾಸಿಗೆಯಿಂದ ಕುರ್ಚಿಗೆ ಒಬ್ಬರನ್ನು ದಾಟಿಸುವುದು ನಮ್ಮ ದಿನನಿತ್ಯದ ಕೆಲಸ. ಅದರಲ್ಲಿ ತೋಳ್ಬಲಕ್ಕಿಂತ ಹೆಚ್ಚಾಗಿ ಮಂಡಿ ಎಲ್ಲಿಡಬೇಕು, ಯಾವ ಕಡೆಯಿಂದ ತಿರುಗಿಸಬೇಕು, ಜಾರುಹಲಗೆ ಯಾವಾಗ ಬಳಸಬೇಕು ಎಂಬ ಲೆಕ್ಕವೇ ಮುಖ್ಯ. ಅದನ್ನು ಕಲಿತೆ. ಆದರೂ ದಪ್ಪ ಮೈಯ ರೋಗಿ ಬಂದರೆ ಇನ್ನೊಬ್ಬರನ್ನು ಕರೆಯುತ್ತೇನೆ, ರೋಗಿಯ ಎದುರಿಗೇ ಕರೆಯುತ್ತೇನೆ. ಸಹಾಯ ಕೇಳಿ ಎಂದು ಇಡೀ ದಿನ ಹೇಳುವವನು ತಾನು ಕೇಳುವುದನ್ನು ಮರೆಮಾಚಬಾರದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ನಮ್ಮಂಥವರಿಗೆ ಕನಿಷ್ಠ ಶೇ. 5ರಷ್ಟು ಸೀಟು ಎಂದು ಹೇಳುತ್ತದೆ. ಪುನಶ್ಚೇತನದ ಕೋರ್ಸುಗಳಲ್ಲಾದರೂ ಆ ಸೀಟುಗಳಲ್ಲಿ ನಿಜವಾಗಿ ಹುಡುಗರು ಕೂರುವಂತಾಗಬೇಕು ಎಂಬುದು ನನ್ನ ದೊಡ್ಡ ಆಸೆ.

ಮಂಚದ ಆ ಬದಿಯಿಂದ ನಾನು ತಂದದ್ದರಲ್ಲಿ ಮೊದಲನೆಯದು ನೋವಿನ ಕುರಿತ ನಂಬಿಕೆ. ನರದ ಬೇರು ಕಿತ್ತುಹೋದವರಿಗೆ ಒಂದು ವಿಚಿತ್ರ ನೋವು ಇರುತ್ತದೆ. ಮುಟ್ಟಿದರೆ ಗೊತ್ತಾಗದ ಕೈಯೊಳಗೆ ಉರಿ, ನಡುನಡುವೆ ಕರೆಂಟು ಹೊಡೆದಂಥ ಸೆಳೆತ. ಮನೆಯವರಿಗೆ ಇದು ಅರ್ಥವಾಗುವುದಿಲ್ಲ. "ಚಿವುಟಿದ್ರೆ ಗೊತ್ತಾಗಲ್ಲ ಅಂತೀಯ, ನೋವು ಎಲ್ಲಿಂದ ಬರತ್ತೆ?" ಎಂದು ಕೇಳುತ್ತಾರೆ. ರಾತ್ರಿ ಎದ್ದು ಕೂರುವವನನ್ನು ನೋಡಿ ಯೋಚನೆ ಜಾಸ್ತಿಯಾಗಿದೆ ಅಂದುಕೊಳ್ಳುತ್ತಾರೆ. ನನ್ನ ಮುಂದೆ ಕೂತು ಯಾರಾದರೂ ಸತ್ತ ಕೈ ಉರಿಯುತ್ತೆ ಸಾರ್ ಅಂದಾಗ ನಾನು ಪುರಾವೆ ಕೇಳುವುದಿಲ್ಲ. ಹೌದು, ಉರಿಯುತ್ತೆ, ಅದಕ್ಕೆ ಹೆಸರಿದೆ, ಅದಕ್ಕೆ ಮಾತ್ರೆಗಳಿವೆ, ಡಾಕ್ಟರಿಗೆ ಹೀಗೆ ಹೇಳಿ ಎನ್ನುತ್ತೇನೆ. ಮನೆಯವರನ್ನು ಕೂರಿಸಿ ಅವರಿಗೂ ಹೇಳುತ್ತೇನೆ. ಎಷ್ಟೋ ಜನ ಆಗ ಅಳುತ್ತಾರೆ. ನೋವು ಕಡಿಮೆಯಾಗಿ ಅಲ್ಲ, ಸುಳ್ಳುಗಾರ ಎಂಬ ಹೊರೆ ಇಳಿದು.

ಎರಡನೆಯದು, ಕಾಯುವವನ ಕಣ್ಣು ಎಷ್ಟು ಚುರುಕು ಎಂಬ ತಿಳಿವು. ಮಂಚದ ಮೇಲಿರುವವನು ಥೆರಪಿಸ್ಟ್ ಗಡಿಯಾರ ನೋಡಿದ್ದನ್ನು ನೋಡುತ್ತಾನೆ, ಕೇಸ್ ಶೀಟಿನಲ್ಲಿ ಬರೆಯುವಾಗ ಹುಬ್ಬು ಏರಿದ್ದನ್ನು ನೋಡುತ್ತಾನೆ, ಹೋದ ವಾರ ಚೆನ್ನಾಗಿದೆ ಅಂದವರು ಈ ವಾರ ಸುಮ್ಮನಿದ್ದದ್ದನ್ನು ಮನೆಗೆ ಒಯ್ದು ರಾತ್ರಿಯಿಡೀ ತಿರುಗಿಸುತ್ತಾನೆ. ಹೀಗಾಗಿ ನಾನು ಬರೆದದ್ದನ್ನು ಓದಿ ಹೇಳುತ್ತೇನೆ. ಅಂಕ ಏರದಿದ್ದರೆ ಏರಿಲ್ಲ ಅನ್ನುತ್ತೇನೆ.

ಇಷ್ಟು ತಂದೆ. ಬಿಟ್ಟು ಬರಬೇಕಾದದ್ದು ಇನ್ನೂ ಕಷ್ಟದ್ದು. ಅದು ನನ್ನದೇ ಕಥೆ. ನನ್ನ ಕೈ ಬಾಯಿಗೆ ಬಂತು. ಆದರೆ ನನ್ನ ಕೈ ಇನ್ನೊಬ್ಬರ ಕೈಗೆ ಸಾಕ್ಷಿಯಲ್ಲ. ಎರಡು ಬೇರು ಹೋದವನಿಗೂ ಐದೂ ಬೇರು ಬೆನ್ನುಹುರಿಯಿಂದ ಕಿತ್ತು ಬಂದವನಿಗೂ ಗಾಯದ ಹೆಸರು ಒಂದೇ, ಮುಂದಿನ ಬದುಕು ಬೇರೆ ಬೇರೆ. ನಾನು ಬಾಯಿಬಿಡದೆ ಬರೀ ಲೋಟ ಎತ್ತಿ ನೀರು ಕುಡಿದರೂ ಎದುರಿಗಿರುವವನು ಅದನ್ನು ಮಾತು ಕೊಟ್ಟಂತೆ ತೆಗೆದುಕೊಳ್ಳುತ್ತಾನೆ. ಅದರಿಂದ, ಕೇಳುವವರೆಗೆ ನನ್ನ ವಿಷಯ ಹೇಳುವುದಿಲ್ಲ. ಕೇಳಿದರೆ ಮೊದಲು ಅವರ ಗಾಯಕ್ಕೂ ನನ್ನದಕ್ಕೂ ಇರುವ ವ್ಯತ್ಯಾಸ ಹೇಳಿ ಆಮೇಲೆ ಉಳಿದದ್ದು ಹೇಳುತ್ತೇನೆ.

ಕಥೆಯ ಜೊತೆಗೆ ನನ್ನ ಆಸೆಯನ್ನೂ ಬಿಡಬೇಕು. ನನಗೆ ಊಟ ಮುಖ್ಯವಾಗಿತ್ತು. ಎಲ್ಲರಿಗೂ ಹಾಗಲ್ಲ. ಮಲೆನಾಡಿನ ಒಬ್ಬ ಕೊನೆಗಾರರು, ಅಡಿಕೆ ಕೊನೆ ಇಳಿಸಲು ಮರ ಹತ್ತಿದವರು, ಬಿದ್ದು ಕತ್ತಿನ ಮೂಳೆ ಮುರಿದು ಬಂದಿದ್ದರು. ಕಾಲುಗಳಲ್ಲೂ ಬೆರಳುಗಳಲ್ಲೂ ಚಲನೆಯಿರಲಿಲ್ಲ, ಮೊಣಕೈ ಮಡಚುತ್ತಿತ್ತು, ಮಣಿಕಟ್ಟು ಮೇಲಕ್ಕೆ ಏಳುತ್ತಿತ್ತು. ಊಟ ಹೆಂಡತಿ ಮಾಡಿಸುತ್ತಿದ್ದರು, ಅದರಲ್ಲಿ ಅವರಿಗೆ ಯಾವ ಸಂಕೋಚವೂ ಇರಲಿಲ್ಲ. "ಅವಳು ಕೊಟ್ರೆ ಉಣ್ತೀನಿ ಸಾರ್, ಅದ್ರಲ್ಲೇನು?" ಏನು ಬೇಕು ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲೆ ಅಡಿಕೆ ನಾನೇ ಹಾಕ್ಕೋಬೇಕು" ಅಂದರು. ಜಗುಲಿಯಲ್ಲಿ ನಾಲ್ಕು ಜನ ಕೂತಾಗ ತಾಂಬೂಲದ ತಟ್ಟೆ ತನ್ನನ್ನು ದಾಟಿ ಹೋಗುವುದು ಅವರಿಗೆ ಸಹಿಸಲಾಗುತ್ತಿರಲಿಲ್ಲ.

ಇಂಥ ಕೈಗಳಲ್ಲಿ ಪ್ರಕೃತಿ ಒಂದು ಉಪಾಯ ಉಳಿಸಿರುತ್ತದೆ. ಮಣಿಕಟ್ಟನ್ನು ಮೇಲಕ್ಕೆತ್ತಿದರೆ ಬೆರಳಿನ ಉದ್ದದ ಸ್ನಾಯುರಜ್ಜುಗಳು ಬಿಗಿದು ಬೆರಳುಗಳು ತಾವಾಗಿ ಒಳಕ್ಕೆ ಮಡಚುತ್ತವೆ, ಹೆಬ್ಬೆರಳು ತೋರುಬೆರಳಿಗೆ ಬಂದು ತಾಗುತ್ತದೆ. ಮಣಿಕಟ್ಟು ಇಳಿಬಿಟ್ಟರೆ ಬಿಚ್ಚಿಕೊಳ್ಳುತ್ತವೆ. ಒಂದು ವೀಳ್ಯದೆಲೆ, ಒಂದು ಅಡಿಕೆ ಹೋಳು ಹಿಡಿಯಲು ಅಷ್ಟು ಸಾಕು. ಆದರೆ ಈ ಹಿಡಿತ ಬರಬೇಕಾದರೆ ಆ ರಜ್ಜುಗಳು ತುಸು ಗಿಡ್ಡವಾಗಿಯೇ ಉಳಿಯಬೇಕು. ಅವರ ಹೆಂಡತಿ ದಿನಾ ರಾತ್ರಿ ಬಿಸಿ ಎಣ್ಣೆ ಹಚ್ಚಿ, ಮಣಿಕಟ್ಟನ್ನೂ ಬೆರಳುಗಳನ್ನೂ ಒಟ್ಟಿಗೆ ಹಿಂದಕ್ಕೆ ಎಳೆದು ನೇರ ಮಾಡುತ್ತಿದ್ದರು. ಮುದುರಿದ ಬೆರಳು ನೋಡಿದರೆ ಯಾರಿಗಾದರೂ ಬಿಡಿಸಬೇಕು ಅನಿಸುತ್ತದೆ. "ಅಕ್ಕಾ, ಬೆರಳು ಬಿಡಿಸುವಾಗ ಮಣಿಕಟ್ಟನ್ನು ಕೆಳಗೆ ಬಿಡಿ, ಮಣಿಕಟ್ಟು ಎತ್ತುವಾಗ ಬೆರಳು ಮುದುರಲಿ ಬಿಡಿ" ಎಂದು ಮಾಡಿ ತೋರಿಸಿದೆ. ಅವರು ನಂಬಲಿಲ್ಲ. ಪ್ರೀತಿಯಿಂದ ಮಾಡುವ ಕೆಲಸ ಕೆಡುಕು ಮಾಡುತ್ತದೆ ಅಂದರೆ ಯಾರು ನಂಬುತ್ತಾರೆ? ಮಾತು ಬಿಟ್ಟು ಗಂಡನ ಕೈಗೆ ಒಂದು ಎಲೆ ಕೊಟ್ಟೆ. ಮಣಿಕಟ್ಟು ಎದ್ದಿತು, ಎಲೆ ನಿಂತಿತು. ಆಕೆ ಮತ್ತೆ ಮತ್ತೆ ಎತ್ತಿಸಿ ನೋಡಿದರು. ಸುಣ್ಣ ಹಚ್ಚುವುದು ಮಾತ್ರ ನನ್ನ ಕೆಲಸ ಎಂದು ಹೇಳಿದರು. ಆ ಪಾಲು ಯಾರಿಗೂ ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ.

ನನ್ನ ಕತ್ತು ಮುರಿದಿರಲಿಲ್ಲ, ನಾನು ಎಲೆ ಅಡಿಕೆ ಹಾಕುವವರ ಪೈಕಿಯೂ ಅಲ್ಲ. ಆ ಕೋಣೆಯಲ್ಲಿ ನನ್ನ ಅಪಘಾತ ಯಾವ ಉಪಯೋಗಕ್ಕೂ ಬರಲಿಲ್ಲ. ಉಪಯೋಗಕ್ಕೆ ಬಂದದ್ದು ಮೇಡಂ ಕಲಿಸಿದ ಪ್ರಶ್ನೆ ಮತ್ತು ಅಂಗರಚನೆಯ ಪಾಠ. ಮೇಡಂಗೆ ಜೀವನದಲ್ಲಿ ಒಂದು ಮೂಳೆಯೂ ಮುರಿದಿರಲಿಲ್ಲ. ಆದರೂ ನನ್ನ ಕೈಯನ್ನು ಅವರಷ್ಟು ಅರ್ಥಮಾಡಿಕೊಂಡವರಿಲ್ಲ. ಅನುಭವಿಸಿದವರಿಗೇ ಗೊತ್ತು ಎಂಬ ಮಾತನ್ನು ನಾನು ಪೂರ್ತಿ ಒಪ್ಪದಿರುವುದು ಅವರಿಂದ. ಅನುಭವಿಸಿದವನಿಗೆ ತನ್ನದು ಗೊತ್ತು. ಇನ್ನೊಬ್ಬರದು ಗೊತ್ತಾಗಬೇಕಾದರೆ ಅವನೂ ಎಲ್ಲರ ಹಾಗೆ ಕೇಳಲೇಬೇಕು.

ಈಚೆಗೆ ಬಂದ ಒಬ್ಬ ಹುಡುಗ ಮನೆ ಮನೆಗೆ ಪಾರ್ಸೆಲ್ ತಲುಪಿಸುವ ಕೆಲಸದಲ್ಲಿದ್ದವನು. ಬಲಗೈಯ ಐದೂ ಬೇರು ಕಿತ್ತಿವೆ ಎಂದು ಎಂ.ಆರ್.ಐ. ಹೇಳುತ್ತದೆ. ನನ್ನ ಕೈಯನ್ನೇ ನೋಡುತ್ತ ಕೂತಿದ್ದ. ಕೇಳಿದ, ಹೇಳಿದೆ. ನನ್ನದು ಎಲ್ಲಿಯವರೆಗೆ ಏಳುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಎತ್ತಿ ತೋರಿಸಿದೆ. ನಿನ್ನದು ಇಷ್ಟೂ ಬರುತ್ತದೆ ಎಂದು ನಾನು ಹೇಳಲಾರೆ, ಶಸ್ತ್ರಚಿಕಿತ್ಸೆಯಿಂದ ಮೊಣಕೈ ಸಿಗಬಹುದು, ಬೆರಳುಗಳ ಆಸೆ ಇಟ್ಟುಕೊಳ್ಳುವುದು ಕಷ್ಟ ಅಂದೆ. ಅವನು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೀವು ಬೈಕ್ ಓಡಿಸ್ತೀರಾ ಸಾರ್?" ಅಂದ. ಇಲ್ಲ, ಬಸ್ಸಲ್ಲಿ ಬರುತ್ತೇನೆ ಅಂದೆ. ಪಕ್ಕಗಾಲಿ ಹಾಕಿಸಿದ ಸ್ಕೂಟರ್, ಅದಕ್ಕೆ ಬೇಕಾದ ಲೈಸೆನ್ಸ್, ಒಂದೇ ಕೈಗೆ ಅದು ಆಗುತ್ತದೋ ಇಲ್ಲವೋ ಎಂದು ಮೊದಲು ಪರೀಕ್ಷಿಸಬೇಕಾದದ್ದು, ಎಲ್ಲ ಮಾತಾಡಿದೆವು. ಅವನಿಗೆ ಅದು ಹೊಟ್ಟೆಪಾಡಿನ ಪ್ರಶ್ನೆ.

ಕೊನೆಗೆ, ಮೊದಲು ಏನು ಮಾಡಬೇಕು ಅಂತಿದೆ ಎಂದು ಕೇಳಿದೆ. ಸ್ಕೂಟರ್ ಅನ್ನುತ್ತಾನೆ ಅಂದುಕೊಂಡಿದ್ದೆ. "ತಂಗಿ ಮದುವೆ ಇದೆ ಸಾರ್. ಧಾರೆ ಹೊತ್ತಿಗೆ ಪಂಚೆ ನಾನೇ ಉಟ್ಕೋಬೇಕು. ಬೇರೆಯವರ ಕೈಲಿ ಉಡಿಸ್ಕೊಂಡು ನಿಲ್ಲೋಕಾಗಲ್ಲ" ಅಂದ. ಅಂಟಿಸುವ ಪಂಚೆ ಬಂದಿವೆ ಅಂದರೆ ತಲೆಯಾಡಿಸಿದ, ಮಾಮೂಲಿ ಪಂಚೆಯೇ ಬೇಕು. ಕೇಸ್ ಶೀಟಿನಲ್ಲಿ ಗುರಿ ಎಂಬ ಕಡೆ ಹಾಗೇ ಬರೆದು ಓದಿ ಹೇಳಿದೆ. ಪಂಚೆಯ ಒಂದು ಅಂಚನ್ನು ಸೊಂಟಕ್ಕೆ ಸುತ್ತಿ, ಸೊಂಟವನ್ನು ಗೋಡೆಗೆ ಒತ್ತಿ ನಿಂತರೆ ಆ ಅಂಚು ಗೋಡೆಗೂ ಮೈಗೂ ನಡುವೆ ಸಿಕ್ಕಿ ನಿಲ್ಲುತ್ತದೆ. ಆಗ ಇನ್ನೊಂದು ಅಂಚನ್ನು ಎಡಗೈಯಲ್ಲಿ ಎಳೆದು ತಂದು ಸಿಕ್ಕಿಸಬಹುದು, ಮೇಲೆ ಬೆಲ್ಟ್ ಬಿಗಿಯಬಹುದು. ಬೆಲ್ಟನ್ನು ಒಂದೇ ಕೈಯಲ್ಲಿ ಹಾಕುವುದನ್ನು ಮೊದಲು ಕಲಿಯಬೇಕು. ನನ್ನ ಕೋಣೆಯ ಗೋಡೆಗೆ ಬಣ್ಣ ಹೊಡೆದಿದ್ದಾರೆ, ಬಟ್ಟೆ ಜಾರುತ್ತದೆ. ಹೊರಗಿನ ಕಾರಿಡಾರಿನ ಗೋಡೆ ಒರಟು, ಅಲ್ಲಿ ನಿಂತು ಮಾಡೋಣ ಅಂದೆ. ಸೋಮವಾರ ಬರುವಾಗ ಪಂಚೆ ತಗೊಂಡು ಬಾ, ಹೊಸದು ಬೇಡ, ಒಂದೆರಡು ಸಲ ಒಗೆದದ್ದು ತಾ ಎಂದು ಹೇಳಿ ಕಳಿಸಿದೆ.